ಮಳೆಗಾಲದ ಕಾಯಿಲೆಗಳ ಪುಟದಲ್ಲಿ ಕಾಲಿನ ನಂಜು ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಮಳೆ ಹಿಡಿಯುತ್ತಿದ್ದ ಹಾಗೆ ನಿಮ್ಮ ಪತ್ರಿಕೆಯಲ್ಲಿ ಮಳೆಗಾಲದ ಕಾಯಿಲೆಗಳ ಬಗ್ಗೆ ಒಂದು ಪುಟ ಬರುತ್ತದೆ. ಈ ಸಲವೂ ಬಂತು. ಡೆಂಗಿ ಇತ್ತು, ಇಲಿಜ್ವರ ಇತ್ತು, ಟೈಫಾಯ್ಡ್, ವಾಂತಿಭೇದಿ, ಕೊನೆಗೆ ನೆಗಡಿಗೆ ಶುಂಠಿ ಕಷಾಯ ಮಾಡುವುದು ಹೇಗೆ ಅನ್ನುವುದೂ ಇತ್ತು. ಎರಡು ಸಲ ಓದಿದೆ. ಹೋದ ಮಳೆಗಾಲದಲ್ಲಿ ನಮ್ಮ ಅಪ್ಪಯ್ಯನನ್ನು ಆರು ದಿನ ಆಸ್ಪತ್ರೆಯಲ್ಲಿ ಮಲಗಿಸಿದ ಕಾಯಿಲೆ ಮಾತ್ರ ಎಲ್ಲೂ ಕಾಣಲಿಲ್ಲ. ಅದಕ್ಕೇ ಈ ಪತ್ರ.

ಅದರ ಹೆಸರು ಸೆಲ್ಯುಲೈಟಿಸ್. ಹೆಸರು ಕೇಳಿ ಮೊದಲು ನಾನು ಮೊಬೈಲಿನಲ್ಲಿ ಹುಡುಕಿದಾಗ ತೊಡೆಯ ಕೊಬ್ಬು ಕರಗಿಸುವ ಕ್ರೀಮಿನ ಜಾಹೀರಾತುಗಳೇ ಸಾಲಾಗಿ ಬಂದವು. ಅದು ಸೆಲ್ಯುಲೈಟ್, ಬೇರೆಯದೇ ಕಥೆ, ಕಾಯಿಲೆಯೇ ಅಲ್ಲ. ಇದು ನಮ್ಮ ಊರಿನವರು ಸುಮ್ನೆ 'ಕಾಲಿಗೆ ನಂಜಾಗಿದೆ' ಅಂತ ಹೇಳಿ ಮುಗಿಸುತ್ತಾರಲ್ಲ, ಅದು.

ಏನಾಯಿತು ಹೇಳುತ್ತೇನೆ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ, ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಗದ್ದೆ. ಪುಷ್ಯ ಮಳೆ ಹೊಡೆಯುತ್ತಿತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ತೋಟಕ್ಕೆ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಹೊಳವು ಕೊಡುತ್ತಿಲ್ಲ. ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡ ಬರುವುದು, ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುವುದು, ಆಕಾಶ ನೋಡಿ ವಾಪಸ್ ಹೋಗುವುದು. ಅಪ್ಪಯ್ಯ ಕೊಳೆ ಬಂತೇನೋ ಅಂತ ದಿನಕ್ಕೆ ನಾಲ್ಕು ಸಲ ತೋಟಕ್ಕೆ ಇಳಿದು ಉದುರಿದ ಕಾಯಿ ಹೆಕ್ಕಿ ನೋಡುತ್ತಿದ್ದರು. ಬರಿಗಾಲಲ್ಲಿ. ಕಾಯಿಯ ಮೇಲೆ ಒಂದು ಚುಕ್ಕೆ ಕಂಡರೆ ರಾತ್ರಿ ನಿದ್ದೆ ಬಾರದ ಮನುಷ್ಯ ಅವರು. ತಮ್ಮದೇ ಎಡಗಾಲಿನ ಕಿರುಬೆರಳ ಸಂದಿ ಬೆಳ್ಳಗೆ ಬೆಂದ ಹಾಗಾಗಿ, ಚರ್ಮ ಸುಲಿದು ಹದಿನೈದು ದಿನ ಆಗಿತ್ತು, ಅದು ಮಾತ್ರ ಅವರ ಲೆಕ್ಕಕ್ಕೆ ಬರಲಿಲ್ಲ. ಕೆಸರು ಹುಣ್ಣು, ಮಳೆ ಬಿಟ್ಟರೆ ತಾನಾಗಿ ಹೋಗುತ್ತೆ, ಅಷ್ಟೇ. ತೋಟದ ಕೊಳೆಗೆ ಮೈಲುತುತ್ತ, ಸುಣ್ಣ ಎಲ್ಲ ಅಳತೆ ಪ್ರಕಾರ ತೂಗಿ ಇಟ್ಟಿದ್ದರು, ಕಾಲಿನ ಕೊಳೆಗೆ ಏನೂ ಇಲ್ಲ.

ಒಂದು ಬುಧವಾರ ಸಂಜೆ ಗಡಗಡ ನಡುಕ ಬಂತಂತೆ. ಎರಡು ಕಂಬಳಿ ಹೊದ್ದರೂ ನಿಲ್ಲಲಿಲ್ಲ. ಅಮ್ಮ ಮಳೆಯಲ್ಲಿ ನೆನೆದಿದ್ದಕ್ಕೆ ಜ್ವರ ಅಂದುಕೊಂಡು ಜ್ವರದ ಮಾತ್ರೆ ಕೊಟ್ಟರು. ಬೆಳಿಗ್ಗೆ ಎದ್ದರೆ ಎಡಗಾಲು ಹರಡಿನಿಂದ ಮೀನಖಂಡದವರೆಗೆ ಊದಿದೆ. ಅಲ್ಲಿಂದ ಊರಿನ ವೈದ್ಯ ಶುರು. ಪಕ್ಕದ ಮನೆಯವರು ಉಳುಕಿರಬೇಕು ಅಂತ ಎಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕಿದರು. ಇನ್ನೊಬ್ಬರು ಹುಳ ಮುಟ್ಟಿದ್ದು ಅಂದರು. ಮತ್ತೊಬ್ಬರು ಅರಿಶಿನ ಸುಣ್ಣ ಕಲಸಿ ಪಟ್ಟು ಹಾಕಿಸಿದರು. ನಂಜು ಅನ್ನುವ ಮಾತು ಬಂದ ಮೇಲಂತೂ ಬದನೆಕಾಯಿ ಬಂದ್, ಆಲೂಗಡ್ಡೆ ಬಂದ್, ಹಲಸಿನ ಬೀಜ ಬಂದ್, ಮೊಟ್ಟೆ ಕೇಳಲೇ ಬೇಡಿ. ಮೂರು ಹೊತ್ತೂ ಬರೀ ಗಂಜಿ. ಗುರುವಾರ ಮಧ್ಯಾಹ್ನ ಪೇಟೆಯಲ್ಲಿ ಒಬ್ಬ ಡಾಕ್ಟರು ಪಂಚೆ ಮೊಣಕಾಲಿನ ಮೇಲೆ ಎತ್ತಿಸಿಯೂ ನೋಡದೆ ಒಂದು ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬರುವಾಗ ಅಮ್ಮ ಮೆಡಿಕಲ್ ಶಾಪಿನಲ್ಲಿ ಹೇಳಿಕೊಂಡಿದ್ದಕ್ಕೆ ಅವರು ನಾಲ್ಕು ಆಂಟಿಬಯೋಟಿಕ್ ಕ್ಯಾಪ್ಸೂಲ್ ಕತ್ತರಿಸಿ ಕೊಟ್ಟರು. ಎರಡು ದಿನದ್ದು. ಚೀಟಿ ಕೇಳಲಿಲ್ಲ.

ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ, ಶನಿವಾರ ಊರಿಗೆ ಬಂದೆ. ಅಷ್ಟರಲ್ಲಿ ಊತ ಮೊಣಕಾಲು ದಾಟಿತ್ತು. ಚರ್ಮ ಬಿಗಿದುಕೊಂಡು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು, ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿತ್ತು, ಕಾಲು ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಜೀಪಿನಲ್ಲಿ ಮಲಗಿಸಿಕೊಂಡು ಹೋದೆವು. ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದವರೇ ಕೈ ಹಿಂಬದಿಯನ್ನು ಒಂದು ಕಾಲಿಗೆ ಇಟ್ಟು, ಮತ್ತೊಂದು ಕಾಲಿಗೆ ಇಟ್ಟು ನೋಡಿದರು. ಬೆರಳ ಸಂದಿ ಬಿಡಿಸಿ ನೋಡಿ 'ಇಲ್ಲಿಂದ ಒಳಗೆ ಹೋಗಿದೆ' ಅಂದರು. ಆಮೇಲೆ ಜೇಬಿನಿಂದ ಬಾಲ್‌ಪೆನ್ ತೆಗೆದು ಊತದ ಅಂಚಿನ ಉದ್ದಕ್ಕೂ ಕಾಲಿನ ಸುತ್ತ ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಖು, ಗಂಟೆ ಬರೆದರು. ಜಮೀನಿನ ಸರ್ವೆಯವರು ಗಡಿ ಹಾಕಿದ ಹಾಗೆ. ಗೆರೆ ದಾಟಿ ಊತ ಮೇಲೆ ಹೋಗುತ್ತಿದೆಯೋ ಕೆಳಗೆ ಇಳಿಯುತ್ತಿದೆಯೋ ನೋಡಲು. ಮೊದಲ ಒಂದೆರಡು ದಿನ ಔಷಧ ಕೆಲಸ ಮಾಡುತ್ತಿದ್ದರೂ ಸ್ವಲ್ಪ ದಾಟಬಹುದು, ಹೆದರಬೇಡಿ, ಜ್ವರ ಮತ್ತು ನೋವು ಇಳಿಯುತ್ತಿದೆಯೇ ಅದನ್ನೂ ನೋಡಿ ಅಂತ ಮೊದಲೇ ಹೇಳಿದ್ದರು. ಸಕ್ಕರೆ ಪರೀಕ್ಷೆ ಮಾಡಿದರೆ 298. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಇದೆ ಅಂತ ನಮಗೆ ಗೊತ್ತಾಗಿದ್ದೇ ಆವತ್ತು. ಗಂಜಿ ಪಥ್ಯ ನೆನಪಾಗಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆರು ದಿನ ನರಕ್ಕೆ ಔಷಧ ಹೋಯಿತು. ಕಾಲು ಉಳಿಯಿತು.

ಈಗ ಆ ಆರು ದಿನ ಕಾಲ ಬುಡದಲ್ಲಿ ಕೂತು ಕೇಳಿ ತಿಳಿದುಕೊಂಡಿದ್ದನ್ನು ಹೇಳುತ್ತೇನೆ. ನಮ್ಮ ಚರ್ಮದ ಕೆಳಗೆ, ಮಾಂಸದ ಮೇಲೆ, ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವ ಒಂದು ನಾರಿನ ಪದರ ಇರುತ್ತದೆ. ಅಡಿಕೆ ಸಿಪ್ಪೆ ಒಳಗಿನ ನಾರು ಅಂದುಕೊಳ್ಳಿ, ಒಂದು ಕಡೆ ನೀರು ಬಿದ್ದರೆ ಉದ್ದಕ್ಕೂ ಹೀರಿಕೊಂಡು ಹೋಗುತ್ತದಲ್ಲ. ಒಡೆದ ಚರ್ಮದಿಂದ ಬ್ಯಾಕ್ಟೀರಿಯಾ ಅಲ್ಲಿಗೆ ಇಳಿದರೆ ತಡೆಯುವ ಗೋಡೆ ಇಲ್ಲ. ಹೆಚ್ಚಾಗಿ ಸ್ಟ್ರೆಪ್ಟೋಕಾಕಸ್, ಕೆಲವು ಸಲ ಸ್ಟೆಫೈಲೋಕಾಕಸ್. ಅದರಲ್ಲೂ ಈ ಸ್ಟ್ರೆಪ್ಟೋಕಾಕಸ್ ಆ ನಾರುಗಳ ನಡುವಿನ ಅಂಟನ್ನೇ ಕರಗಿಸುವ ಕಿಣ್ವ ಬಿಡುತ್ತದೆ, ತನ್ನ ದಾರಿ ತಾನೇ ಮಾಡಿಕೊಂಡು ಹೋಗುತ್ತದೆ. ಕುರು ಹಾಗಲ್ಲ. ಕುರು ಒಂದು ಕಡೆ ಗೂಡು ಕಟ್ಟಿ ಕೀವು ತುಂಬಿಕೊಳ್ಳುತ್ತದೆ, ಹಣ್ಣಾಗುತ್ತದೆ, ಒಡೆಯುತ್ತದೆ. ನಮ್ಮ ಜನಕ್ಕೆ ಕುರು ಗೊತ್ತು. ಅದಕ್ಕೇ ಕಾಲು ಊದಿದರೆ 'ಹಣ್ಣಾಗಲಿ, ಆಮೇಲೆ ಕುಯ್ಸಿದರಾಯ್ತು' ಅಂತ ಕಾಯುತ್ತಾರೆ. ಸೆಲ್ಯುಲೈಟಿಸ್ ಸಾಮಾನ್ಯವಾಗಿ ಹಣ್ಣಾಗುವುದಿಲ್ಲ, ಹರಡುತ್ತದೆ. ಕಾದಷ್ಟೂ ಮೇಲಕ್ಕೆ ಹೋಗುತ್ತದೆ, ರಕ್ತಕ್ಕೆ ಸೇರಿದರೆ ಜೀವಕ್ಕೇ ಬರುತ್ತದೆ.

ನಂಜು ಅನ್ನುವ ಮಾತಿನ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಹಳೆಯ ಮಾತು, ವಿಷ ಕುಡಿದ ಶಿವನೂ ನಂಜುಂಡನೇ. ಆದರೆ ಅದರ ಚೀಲ ತುಂಬಾ ದೊಡ್ಡದು. ಮುಳ್ಳು ಚುಚ್ಚಿದರೂ ನಂಜು, ಕೀವಾದರೂ ನಂಜು, ಧನುರ್ವಾಯುವೂ ನಂಜು, ಬದನೆಕಾಯಿಯೂ ನಂಜು. ಎಲ್ಲಕ್ಕೂ ಒಂದೇ ಹೆಸರು ಇದ್ದರೆ ಎಲ್ಲಕ್ಕೂ ಒಂದೇ ಮದ್ದು ಅನಿಸುತ್ತದೆ. 'ಟಿಟಿ ಹಾಕಿಸಿದ್ದೇನಲ್ಲ, ನಂಜಾಗುವುದು ಹೇಗೆ' ಅಂತ ಅಪ್ಪಯ್ಯ ಡಾಕ್ಟರಮ್ಮನ ಹತ್ತಿರ ವಾದ ಮಾಡಿದರು. ಟಿಟಿ ಧನುರ್ವಾಯುವನ್ನು ಮಾತ್ರ ತಡೆಯುತ್ತದೆ, ಈ ಸೋಂಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಬದನೆಕಾಯಿಗೂ ಇಲ್ಲ. ಗಾಯ ಮಾಯಲು ಬೇಳೆ, ಮೊಟ್ಟೆ, ಹಾಲು ಎಲ್ಲ ಬೇಕು, ಸಕ್ಕರೆ ಕಾಯಿಲೆಯವರನ್ನು ಬರೀ ಗಂಜಿಯಲ್ಲಿ ಇಡುವುದಂತೂ ಉಲ್ಟಾ ಕೆಲಸ.

ಇನ್ನೊಂದು ಮುಖ್ಯ ವಿಷಯ, ಇದನ್ನು ದಯವಿಟ್ಟು ಹಾಕಿ. ಎಲ್ಲಿ ಓದಿದರೂ 'ಚರ್ಮ ಕೆಂಪಗಾಗುತ್ತದೆ' ಅಂತಲೇ ಇರುತ್ತದೆ. ಬೆಳ್ಳಗಿನವರ ಚರ್ಮ ನೋಡಿ ಬರೆದ ಮಾತು ಅದು. ಐವತ್ತು ವರ್ಷ ಬಿಸಿಲು ಮಳೆ ತಿಂದ ನಮ್ಮ ಅಪ್ಪಯ್ಯನ ಕಾಲಿನಲ್ಲಿ ಕೆಂಪು ಎಲ್ಲಿಂದ ಕಾಣಬೇಕು? ಸ್ವಲ್ಪ ಕಪ್ಪು ಜಾಸ್ತಿಯಾದ ಹಾಗೆ, ನೇರಳೆ ಛಾಯೆ ಬಂದ ಹಾಗೆ ಇತ್ತು ಅಷ್ಟೇ. ಅಮ್ಮನಿಗೂ ಕೆಂಪು ಕಾಣಲಿಲ್ಲ, ಅದಕ್ಕೇ ಉಳುಕು ಅನ್ನುವ ಮಾತನ್ನು ನಂಬಿದರು. ಬಣ್ಣ ನೋಡಬೇಡಿ, ಬಿಸಿ ನೋಡಿ. ಮಗುವಿಗೆ ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡುವ ಹಾಗೆ ಕೈ ಹಿಂಬದಿಯನ್ನು ಎರಡೂ ಕಾಲಿಗೆ ಇಟ್ಟು ನೋಡಿ. ಒಂದೇ ಕಾಲು, ಬಿಸಿ, ಊತ, ಮುಟ್ಟಿದರೆ ನೋವು, ಜೊತೆಗೆ ಚಳಿ ಜ್ವರ. ಇಷ್ಟಿದ್ದರೆ ಅವತ್ತೇ ಹೋಗಬೇಕು. ಒಂದೇ ಕಾಲು ಊದುವುದಕ್ಕೆ ನರದಲ್ಲಿ ರಕ್ತ ಹೆಪ್ಪುಗಟ್ಟಿದ್ದೂ ಕಾರಣ ಇರಬಹುದು, ಅದೂ ಕಾಯುವ ಕಾಯಿಲೆ ಅಲ್ಲ, ಎಣ್ಣೆ ಹಾಕಿ ತಿಕ್ಕುವ ಕಾಯಿಲೆ ಅಂತೂ ಅಲ್ಲವೇ ಅಲ್ಲ. ಎರಡೂ ಕಾಲು ಒಟ್ಟಿಗೆ ಊದಿದ್ದರೆ ಸಾಮಾನ್ಯವಾಗಿ ಕಾರಣ ಬೇರೆ, ಹೃದಯ, ಕಿಡ್ನಿ, ರಕ್ತನಾಳ, ಹೀಗೆ. ಅದನ್ನೂ ತೋರಿಸಬೇಕು ಅನ್ನಿ.

ಮತ್ತೆ ಇದರ ದೊಡ್ಡಣ್ಣ ಒಬ್ಬನಿದ್ದಾನೆ, ಅಪರೂಪಕ್ಕೆ ಬರುತ್ತಾನೆ. ಕಣ್ಣಿಗೆ ಕಾಣುವ ಊತಕ್ಕಿಂತ ಎಷ್ಟೋ ಪಾಲು ಜಾಸ್ತಿ ನೋವು, ಚರ್ಮ ನೇರಳೆಯಾಗಿ ಕಪ್ಪಾಗುವುದು, ನೀರ್ಗುಳ್ಳೆ ಏಳುವುದು, ಆಮೇಲೆ ಇದ್ದಕ್ಕಿದ್ದ ಹಾಗೆ ಆ ಜಾಗ ಮರಗಟ್ಟಿ ನೋವೇ ಇಲ್ಲದಂತಾಗುವುದು, ರೋಗಿ ಏನೇನೋ ಬಡಬಡಿಸುವುದು. ಸೋಂಕು ಇನ್ನೂ ಆಳದ ಪೊರೆಗೆ ಇಳಿದು ಒಳಗಿನದೆಲ್ಲ ಕೊಳೆಯುತ್ತಿದೆ ಅಂತ ಅರ್ಥ. ಅಲ್ಲಿ ಬರೀ ಇಂಜೆಕ್ಷನ್ ಸಾಲದು, ಆಪರೇಷನ್ ಬೇಕು, ಅದೂ ಗಂಟೆಗಳ ಲೆಕ್ಕದಲ್ಲಿ. ನೋವು ಹೋಯ್ತು ಅಂತ ಖುಷಿಪಟ್ಟು ಮಲಗಿಸಿಕೊಳ್ಳಬಾರದು.

ಆ ನಾಲ್ಕು ಕ್ಯಾಪ್ಸೂಲಿನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 1941ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನುವ ಪೊಲೀಸರೊಬ್ಬರು ಮುಖದ ಸೋಂಕಿನಿಂದ ಸಾಯುವ ಸ್ಥಿತಿಯಲ್ಲಿದ್ದರು. ಆಗ ತಾನೇ ತಯಾರಾಗುತ್ತಿದ್ದ ಪೆನಿಸಿಲಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟರು. ಒಂದೇ ದಿನದಲ್ಲಿ ಜ್ವರ ಇಳಿಯತೊಡಗಿತು, ಹಸಿವಾಯಿತು. ಆದರೆ ಇಡೀ ಪ್ರಯೋಗಾಲಯದಲ್ಲಿ ಇದ್ದ ಔಷಧವೇ ಅಷ್ಟು. ಅವರ ಮೂತ್ರದಿಂದ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಕೊಟ್ಟರು, ಅದೂ ಸಾಲಲಿಲ್ಲ. ಸೋಂಕು ಮರಳಿ ಬಂತು, ಮಾರ್ಚ್ 15ಕ್ಕೆ ತೀರಿಕೊಂಡರು. ಅವರಿಗೆ ಔಷಧ ಇರಲಿಲ್ಲ, ಅರ್ಧಕ್ಕೆ ನಿಂತಿತು. ನಮಗೆ ಅಂಗಡಿ ತುಂಬಾ ಇದೆ, ನಾವೇ ಕತ್ತರಿಯಲ್ಲಿ ಕತ್ತರಿಸಿ ಅರ್ಧ ಮಾಡಿಕೊಳ್ಳುತ್ತೇವೆ. ಆಂಟಿಬಯೋಟಿಕ್ ಮಾತ್ರೆ ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ, ಗಮನಿಸಿದ್ದೀರಾ? ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು, ತೆಗೆದುಕೊಳ್ಳಬಾರದು ಅಂತ. 2016ರಲ್ಲಿ ಕೇಂದ್ರ ಸರ್ಕಾರ ಅದರ ಬಗ್ಗೆ ಪ್ರಚಾರವನ್ನೂ ಶುರು ಮಾಡಿತ್ತು. ನಮ್ಮ ಮನೆಯ ನಾಲ್ಕು ಕ್ಯಾಪ್ಸೂಲಿನ ತುಂಡಿನ ಮೇಲೂ ಆ ಗೆರೆ ಇತ್ತು, ಅಮ್ಮ ಅದನ್ನು ಕಂಪನಿಯ ಡಿಸೈನ್ ಅಂದುಕೊಂಡಿದ್ದರು. ಅಂಗಡಿಯವರನ್ನು ಮಾತ್ರ ಬೈದು ಪ್ರಯೋಜನ ಇಲ್ಲ, ಕೇಳಿದ್ದು ನಾವೇ, ಎರಡು ದಿನಕ್ಕೆ ಸಾಕು ಅಂದಿದ್ದೂ ನಾವೇ.

ಬೇರು ಎಲ್ಲಿದೆ ನೋಡಿ. ಬೆರಳ ಸಂದಿ, ಹಿಮ್ಮಡಿಯ ಒಡಕು, ಇಂಬಳ (ಜಿಗಣೆ) ಕಚ್ಚಿದ ಜಾಗ ಕೆರೆದು ಮಾಡಿಕೊಂಡ ಗಾಯ, ತೋಟದ ಮುಳ್ಳು. ಸೋಂಕು ಒಳಗೆ ಹೋಗುವ ಬಾಗಿಲು ಇವೇ. ಕೆಸರು ಹುಣ್ಣನ್ನು ಯಾರೂ ಕಾಯಿಲೆ ಅಂತಲೇ ಎಣಿಸುವುದಿಲ್ಲ, ಅದೊಂದು ಮಳೆಗಾಲದ ಮಾಮೂಲು. ಎಣಿಸಿದವರು ಅಂಗಡಿಯಿಂದ ಒಂದು ಟ್ಯೂಬ್ ತಂದು ಹಚ್ಚುತ್ತಾರೆ, ಆ ಟ್ಯೂಬುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಬೆರೆಸಿದವು. ತುರಿಕೆ ಒಂದೇ ರಾತ್ರಿಗೆ ನಿಲ್ಲುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಸ್ಟೀರಾಯ್ಡ್ ಇಲ್ಲದ, ಬರೀ ಶಿಲೀಂಧ್ರಕ್ಕೆ ಅಂತಲೇ ಇರುವ ಕ್ರೀಮನ್ನು ಡಾಕ್ಟರನ್ನು ಕೇಳಿ, ತುರಿಕೆ ನಿಂತ ಮೇಲೂ ಹೇಳಿದಷ್ಟು ದಿನ ಹಚ್ಚಬೇಕು.

ತೋಟದವರಿಗೆ ಗಂಬೂಟ್ ಹಾಕಿ ಅಂತ ಉಪದೇಶ ಮಾಡುವುದು ಸುಲಭ. ಗದ್ದೆ ಕೆಸರಿನಲ್ಲಿ ಬೂಟು ಹಾಕಿ ಒಂದು ಹೆಜ್ಜೆ ಇಟ್ಟವರಿಗೆ ಗೊತ್ತು, ಕಾಲು ಮೇಲೆ ಬರುತ್ತದೆ, ಬೂಟು ಅಲ್ಲೇ ಇರುತ್ತದೆ. ತೋಟದಲ್ಲಿ ಹಾಕಬಹುದು, ಆದರೆ ಒಳಗೆ ನೀರು ಹೋದರೆ ದಿನವಿಡೀ ಕಾಲು ಅದೇ ನೀರಿನಲ್ಲಿ ನೆನೆಯುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಈಗ ಇರುವ ನಿಯಮ ಒಂದೇ: ಒಳಗೆ ಬಂದ ಮೇಲೆ ಸೋಪು ಹಾಕಿ ತೊಳೆಯುವುದು, ಹಳೆ ಪಂಚೆಯ ಒಣ ತುಂಡಿನಿಂದ ಪ್ರತಿ ಬೆರಳ ಸಂದಿಯನ್ನೂ ಒರೆಸುವುದು. ಒರೆಸುವುದೇ ಕಷ್ಟದ ಭಾಗ. ಕಾಲು ತೊಳೆದುಕೊಂಡು ಒದ್ದೆಗಾಲಲ್ಲೇ ಒಳಗೆ ಬರುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ, ಅಲ್ವಾ.

ಇದೇ ಕೆಲಸ ಆನೆಕಾಲು ಇರುವವರಿಗೆ ಇನ್ನೂ ಹತ್ತು ಪಾಲು ಮುಖ್ಯ. ಕರಾವಳಿಯಲ್ಲಿ, ಕಲಬುರಗಿ, ಬೀದರ್ ಕಡೆ ಆನೆಕಾಲಿನವರು ಈಗಲೂ ಇದ್ದಾರೆ. ಅವರಿಗೆ ಆಗಾಗ ಚಳಿ ಜ್ವರ ಬಂದು ಕಾಲು ಕೆಂಡದಂತಾಗುತ್ತದಲ್ಲ, ಅದು ಹೆಚ್ಚಾಗಿ ಇದೇ ಬ್ಯಾಕ್ಟೀರಿಯಾ ಸೋಂಕು, ಪ್ರತಿ ಸಲ ಬಂದಾಗಲೂ ಕಾಲು ಇನ್ನಷ್ಟು ದಪ್ಪವಾಗುತ್ತದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆಯುರ್ವೇದ, ಯೋಗ, ಅಲೋಪತಿ ಸೇರಿಸಿ ಆನೆಕಾಲಿಗೆ ಚಿಕಿತ್ಸೆ ಕೊಡುತ್ತಾರೆ, ಅಲ್ಲೂ ಕಾಲು ತೊಳೆದು ಒಣಗಿಸುವುದು ಚಿಕಿತ್ಸೆಯ ದೊಡ್ಡ ಭಾಗ.

ಒಮ್ಮೆ ಬಂದ ಕಾಲಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಕಾಲಿನ ನೀರನ್ನು ವಾಪಸ್ ಸಾಗಿಸುವ ದುಗ್ಧನಾಳಗಳು ಪೆಟ್ಟು ತಿಂದಿರುತ್ತವೆ, ನೀರು ನಿಲ್ಲುತ್ತದೆ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಕಾಲು ಊತ ಇದ್ದು ಪದೇ ಪದೇ ಸೆಲ್ಯುಲೈಟಿಸ್ ಆಗುತ್ತಿದ್ದ 84 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಿಗಿ ಕಾಲುಚೀಲದ ಚಿಕಿತ್ಸೆ ಕೊಟ್ಟರು. ಕಾಲುಚೀಲ ಇಲ್ಲದವರಲ್ಲಿ ನೂರಕ್ಕೆ 40 ಜನರಿಗೆ ಮತ್ತೆ ಬಂತು, ಹಾಕಿದವರಲ್ಲಿ 15. ವ್ಯತ್ಯಾಸ ಇಷ್ಟು ದೊಡ್ಡದಿದ್ದಿದ್ದರಿಂದ ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದರು. ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಮಾತ್ರ ಕೇಳದೆ ಹಾಕಬಾರದು. ಅಪ್ಪಯ್ಯನಿಗೂ ಹೇಳಿದ್ದಾರೆ. ಹಾಕುವುದು ಅಮ್ಮ, ಬೈಸಿಕೊಳ್ಳುವುದೂ ಅಮ್ಮ.

ಆರೋಗ್ಯ ಇಲಾಖೆಯವರು ಈ ಪತ್ರ ನೋಡಿದರೆ ಒಂದು ಕೋರಿಕೆ. ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆಯರು ನೀರು ನಿಂತಿದೆಯಾ ಅಂತ ನೋಡಲು ಮನೆಮನೆಗೆ ಬರುತ್ತಾರೆ. ತೊಟ್ಟಿ, ಟೈರು, ತೆಂಗಿನ ಚಿಪ್ಪು ಎಲ್ಲ ನೋಡುತ್ತಾರೆ. ಅದೇ ಹೊತ್ತಿಗೆ ಮನೆಯ ಹಿರಿಯರ ಕಾಲ್ಬೆರಳ ಸಂದಿಯನ್ನೂ ಒಮ್ಮೆ ನೋಡುವ ಹಾಗೆ ಮಾಡಿ, ಗಾಯ ಕಂಡರೆ ಸಕ್ಕರೆ ಪರೀಕ್ಷೆಗೆ ಕಳಿಸಲಿ. ಇದಕ್ಕೆ ಹೊಸ ಯಂತ್ರ ಏನೂ ಬೇಡ.

ನಿಮ್ಮಲ್ಲಿ ಕೇಳುವುದು ಇಷ್ಟೇ, ಮುಂದಿನ ವಾರ ಆ ಆರೋಗ್ಯ ಪುಟದಲ್ಲಿ ಒಬ್ಬ ಚರ್ಮದ ಡಾಕ್ಟರಿಂದ ಇದರ ಬಗ್ಗೆ ಬರೆಸಿ. ಫೋಟೋ ಹಾಕುವುದಾದರೆ ನಮ್ಮಂಥವರ ಕಾಲಿನದ್ದೇ ಹಾಕಿ. ಪತ್ರ ಉದ್ದವಾಯಿತು, ಜಾಗ ಸಾಲುವುದಿಲ್ಲ ಅಂತ ಗೊತ್ತು. ಕತ್ತರಿಸುವುದಾದರೆ ಬದನೆಕಾಯಿ, ಬೋರ್ಡೋ ಎಲ್ಲ ಕತ್ತರಿಸಿ, ಪೊಲೀಸರ ಕಥೆ ಬೇಕಾದರೂ ತೆಗೆಯಿರಿ. ಕೈ ಹಿಂಬದಿ ಇಟ್ಟು ಎರಡೂ ಕಾಲಿನ ಬಿಸಿ ನೋಡುವ ಸಾಲುಗಳನ್ನು ಮಾತ್ರ ಉಳಿಸಿ.

ಇತಿ,
ನಿಮ್ಮ ಓದುಗರೊಬ್ಬರು,
ಹೊಸನಗರ ತಾಲ್ಲೂಕು